ಮೇನ್ ಸ್ವಿಚ್ ಆರಿಸಿದರೆ ಸಾಲದು



ದುರ್ಗಿಗುಡಿಯ ನಮ್ಮ ಬೀದಿಯಲ್ಲಿ ಮಳೆಗಾಲದ ಸಂಜೆ ವಿದ್ಯುತ್ ಹೋದರೆ ಈಗ ಕತ್ತಲೆಯಾಗುವುದಿಲ್ಲ. ದೀಪಗಳು ಒಮ್ಮೆ ಕಣ್ಣು ಮಿಟುಕಿಸುತ್ತವೆ, ಮನೆಮನೆಯೊಳಗಿಂದ ಗುಂಯ್ ಎಂಬ ಸಣ್ಣ ಸದ್ದು ಏಳುತ್ತದೆ, ಅಷ್ಟೇ. ಲಾಟೀನಿನ ಗಾಜು ಒರೆಸುತ್ತ ಬೆಳೆದ ನನ್ನಂಥವನಿಗೆ ಯುಪಿಎಸ್ ಎಂಬುದು ದೊಡ್ಡ ಉಪಕಾರವೇ ಸರಿ. ಆದರೆ ಈ ಉಪಕಾರಿಯನ್ನು ನಾವು ಎಷ್ಟು ಅಜ್ಞಾನದಿಂದ ಮನೆಯಲ್ಲಿಟ್ಟುಕೊಂಡಿದ್ದೇವೆ ಎಂಬುದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಏಕೆಂದರೆ ಆ ಅಜ್ಞಾನಕ್ಕೆ ಬೆಲೆ ತೆತ್ತವನು ನಾನಲ್ಲ, ಬೇರೊಬ್ಬ.

ಕೆಲವು ವರ್ಷಗಳ ಹಿಂದಿನ ಮಾತು. ಅಡುಗೆಮನೆಯ ಟ್ಯೂಬ್‌ಲೈಟ್ ಬದಲಿಸಲು ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಬಂದಿದ್ದ. "ಮೇನ್ ಆಫ್ ಮಾಡಿದೀನಿ ಸಾರ್" ಎಂದು ಕೂಗಿ ಹೇಳಿ ಸ್ಟೂಲು ಹತ್ತಿದ. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದೆ. ಮೇನ್ ಆಫ್ ಆಗಿದೆ ಎಂದು ಅವನು ಹೇಳಿದ ಮೇಲೂ ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು! ಅದರ ಗಾಳಿಯಲ್ಲಿ ಪತ್ರಿಕೆಯ ಹಾಳೆ ಹಾರದಂತೆ ಒತ್ತಿ ಹಿಡಿದುಕೊಂಡಿದ್ದವನು ನಾನೇ. ಮರುಕ್ಷಣ ಹುಡುಗ ಕೆಳಗೆ ಬಿದ್ದಿದ್ದ. ಕೈ ಮುರಿಯಿತು, ಪುಣ್ಯಕ್ಕೆ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಅವನು, "ಟೆಸ್ಟರ್ ಹಿಡಿದು ನೋಡಬೇಕಿತ್ತು, ನನ್ನದೇ ತಪ್ಪು ಸಾರ್" ಎಂದ. ಅಲ್ಲ, ತಪ್ಪು ನನ್ನದು. ದಶಕಗಳ ಕಾಲ ವಿದ್ಯುತ್ತಿನ ಪಾಠ ಹೇಳಿದವನು ತಲೆಯೆತ್ತಿ ಫ್ಯಾನನ್ನು ನೋಡಲಿಲ್ಲ.

ವಿಷಯ ಸರಳ. ಮೇನ್ ಸ್ವಿಚ್ ಆರಿಸಿದ ಕೂಡಲೇ ಯುಪಿಎಸ್ ಅದನ್ನು ವಿದ್ಯುತ್ ಕಡಿತವೆಂದೇ ತಿಳಿಯುತ್ತದೆ. ಬ್ಯಾಟರಿಯ 12 ವೋಲ್ಟನ್ನು ಸುಮಾರು 230 ವೋಲ್ಟಿಗೆ ಏರಿಸಿ ತನ್ನ ತಂತಿಗಳಿಗೆ ಹರಿಸುತ್ತದೆ. ಕೊಲ್ಲುವುದರಲ್ಲಿ ಅದಕ್ಕೂ ಕಂಬದಿಂದ ಬರುವ ವಿದ್ಯುತ್ತಿಗೂ ವ್ಯತ್ಯಾಸವಿಲ್ಲ. ಹಾಗೆಂದು ಯುಪಿಎಸ್‌ನ ಗುಂಡಿಯೊಂದನ್ನೇ ಆರಿಸಿದರೂ ಸಾಲದು. ಕಂಬದ ವಿದ್ಯುತ್ ಅದರ ಮೂಲಕವೇ ಹಾದು ಬರುತ್ತಿರುತ್ತದೆ. ಎರಡನ್ನೂ ಆರಿಸಬೇಕು, ಆಮೇಲೆ ಟೆಸ್ಟರ್ ಹಿಡಿದು ನೋಡಬೇಕು. ಇಷ್ಟು ಮಾತನ್ನು ನನಗೆ ಯುಪಿಎಸ್ ಮಾರಿದವರು ಹೇಳಲಿಲ್ಲ. ಕೈಪಿಡಿಯಲ್ಲಿ ಇತ್ತೋ ಏನೋ. ಇಂಗ್ಲಿಷಿನ ಆ ಸಣ್ಣಕ್ಷರಗಳನ್ನು ನಾನು ಓದಲಿಲ್ಲ, ನನ್ನ ಮನೆಯಾಕೆಗೆ ಓದಲು ಬರುವುದಿಲ್ಲ. ಕನ್ನಡ ನಾಡಿನ ಅಡುಗೆಮನೆಯ ಪಕ್ಕದಲ್ಲಿಡುವ ಯಂತ್ರದ ಎಚ್ಚರಿಕೆಯ ಮಾತು ಕನ್ನಡದಲ್ಲಿರಬೇಕೆಂದು ಕೇಳುವುದು ಭಾಷಾಭಿಮಾನವಲ್ಲ, ಪ್ರಾಣಾಭಿಮಾನ.

ಇನ್ನು ಬ್ಯಾಟರಿಯ ಸ್ಥಾನಮಾನ ನೋಡಿ. ಒಂದು ಮನೆಯಲ್ಲಿ ಅದು ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ನಡುವೆ. ಇನ್ನೊಂದು ಮನೆಯಲ್ಲಿ ದೇವರ ಮನೆಯ ಮೂಲೆಯಲ್ಲಿ, ನಂದಾದೀಪದ ಪಕ್ಕದಲ್ಲಿ! ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಪ್ರಯೋಗಾಲಯದಲ್ಲಿ ಪ್ರಣಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ 'ಪಾಪ್' ಎಂದು ಸದ್ದಾದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಲ್ಲ, ಅದೇ ಅನಿಲ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿಗೆ ಬೇಕಾದದ್ದು ಗಾಳಿಯಾಡುವ ಜಾಗ, ಪೂಜೆಯಲ್ಲ.

"12 ವೋಲ್ಟಿನಿಂದ ಏನಾಗುತ್ತದೆ ಸಾರ್?" ಎಂದು ವಾದಿಸುವವರೂ ಇದ್ದಾರೆ. ಮುಟ್ಟಿದರೆ ಶಾಕ್ ಹೊಡೆಯದಿರಬಹುದು. ಆದರೆ ಸ್ಪ್ಯಾನರ್ ಜಾರಿ ಎರಡು ಧ್ರುವಗಳಿಗೂ ತಾಗಿದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕೆಂಪಾಗುತ್ತದೆ. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟೇ ಕೈ ಹಾಕಬೇಕು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಗುರುತಿನವರೆಗೆ ಹಾಕಬೇಕು. ಬಾವಿಯ ನೀರೂ ಅಲ್ಲ, ಅಂಗಡಿಯ ಆಮ್ಲವೂ ಅಲ್ಲ. ಆಮ್ಲ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷವಾದರೂ ನೀರಿನಿಂದ ತೊಳೆಯುತ್ತಲೇ ಇದ್ದು ಬಳಿಕ ವೈದ್ಯರಲ್ಲಿಗೆ ಹೋಗಬೇಕು. ಹೊಸ ಲಿಥಿಯಂ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ನಿಜ. ಆದರೆ ಮೇನ್ ಸ್ವಿಚ್ಚಿನ ಪಾಠ ಅಲ್ಲಿಯೂ ತಪ್ಪಿದ್ದಲ್ಲ.

"ಬ್ಯಾಕಪ್ ನಿಲ್ಲುತ್ತಿಲ್ಲ" ಎಂಬುದು ಎಲ್ಲರ ದೂರು. ಲೆಕ್ಕ ಮಾಡಿ. 150 ಆಂಪಿಯರ್ ಅವರ್ ಬ್ಯಾಟರಿ ಎಂದರೆ 12ರಿಂದ ಗುಣಿಸಿ 1,800 ವ್ಯಾಟ್ ಅವರ್. ನಾಲ್ಕು ಟ್ಯೂಬ್‌ಲೈಟು, ಎರಡು ಫ್ಯಾನು ಸೇರಿ 300 ವ್ಯಾಟ್ ಎನ್ನೋಣ. ಕಾಗದದ ಮೇಲೆ ಆರು ಗಂಟೆ. ಪರಿವರ್ತನೆಯ ನಷ್ಟ, ಬ್ಯಾಟರಿಯ ವಯಸ್ಸು ಕಳೆದರೆ ನಾಲ್ಕು ಸಿಕ್ಕರೆ ಪುಣ್ಯ. ಅದಕ್ಕೇ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಅದು ಕೀಂ ಎಂದು ಅರಚಿ ನಿಲ್ಲದೆ ಇನ್ನೇನು ಮಾಡೀತು? ಹೊರೆ ಇಳಿಸಿ, ಆಮೇಲೆ ರೀಸೆಟ್ ಒತ್ತಿ. ಧ್ರುವಗಳ ಮೇಲೆ ಬಿಳಿಯ, ಹಸಿರಿನ ಪುಡಿ ಕಟ್ಟಿದೆಯೇ, ನಟ್ಟು ಸಡಿಲವಾಗಿದೆಯೇ ನೋಡಿ. ಇಷ್ಟರಿಂದ ಸರಿಯಾಗದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ. ಪೆಟ್ಟಿಗೆಯ ಮುಚ್ಚಳವನ್ನಂತೂ ನೀವು ತೆಗೆಯಬೇಡಿ.

"ಕರೆಂಟು ಹೋಗದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ" ಎಂಬ ಮಾತನ್ನು ನಾನು ಒಪ್ಪುತ್ತೇನೆ. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಇರುವುದು ನಮ್ಮ ಜಿಲ್ಲೆಯಲ್ಲೇ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ತೋಟ, ಗದ್ದೆ ಮುಳುಗಿಸಿಕೊಂಡವರು ನಮ್ಮ ಜನವೇ. ನಾಡಿಗೆ ಬೆಳಕು ಕೊಟ್ಟ ಜಿಲ್ಲೆ ಕತ್ತಲೆಗೆ ಹೆದರಿ ಪೆಟ್ಟಿಗೆ ಕೊಳ್ಳಬೇಕಾದುದು ನೋವಿನ ಸಂಗತಿ. ಆದರೆ ಆ ದೂರು ಎಷ್ಟೇ ನ್ಯಾಯವಾದರೂ, ನನ್ನ ಮನೆಯ ಸ್ಟೂಲಿನಿಂದ ಬಿದ್ದ ಹುಡುಗನ ಕೈಯನ್ನು ಅದು ಕೂಡಿಸಲಿಲ್ಲ.

ನೀವು ಪರೀಕ್ಷೆಯಲ್ಲಿ ಬ್ಯಾಟರಿಯ ಚಿತ್ರ ಬರೆದು ಐದಕ್ಕೆ ಐದು ಅಂಕ ಪಡೆದವರು. ಇಂದು ಅದೇ ಬ್ಯಾಟರಿಯ ನೀರಿನ ಮಟ್ಟ ನೋಡಲು ಹಿಂಜರಿಯುವಿರಾದರೆ, ಆ ಅಂಕಗಳಿಗೆ ಅರ್ಥವಿಲ್ಲ. ನನ್ನ ಪಾಠಕ್ಕೂ ಇಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ, "ಈ ಮನೆಯಲ್ಲಿ ಯುಪಿಎಸ್ ಇದೆ. ಮೇನ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ, ಟೆಸ್ಟರ್ ಹಿಡಿದು ನೋಡಿ" ಎಂದು ಬರೆದು ಮೇನ್ ಬೋರ್ಡಿನ ಮೇಲೆ ಅಂಟಿಸಿ. ನನ್ನ ಮನೆಯಲ್ಲಿ ಆ ಚೀಟಿ ಇದೆ. ಬಿದ್ದ ಹುಡುಗ ಕೈ ಕೂಡಿದ ಮೇಲೆ ಬಂದು ಅದನ್ನು ಓದಿ ನಕ್ಕ. ನನಗೆ ನಗಲಾಗಲಿಲ್ಲ.

ನಿಮ್ಮ ಮೇಷ್ಟ್ರು,
ದುರ್ಗಿಗುಡಿ, ಶಿವಮೊಗ್ಗ