ಕುಮಾರ ಗಂಧರ್ವರು ಗ್ವಾಲಿಯರ್‌ನವರಾ, ಅಲ್ಲವಾ?

ಹಿಂದೂಸ್ತಾನಿ ಕೇಳುವ ನಾಲ್ಕು ಜನ ಸೇರಿದರೆ ಈ ವಾದ ಎದ್ದೇ ಏಳುತ್ತದೆ. ಒಬ್ಬರು ಕುಮಾರ ಗಂಧರ್ವರದು ಗ್ವಾಲಿಯರ್ ಘರಾಣೆ ಅಂತಾರೆ. ಇನ್ನೊಬ್ಬರು "ಛೇ, ಅವರದು ಯಾವ ಘರಾಣೆಯೂ ಅಲ್ಲ, ಅವರೇ ಒಂದು ಘರಾಣೆ" ಅಂತ ಮಾತು ಮುಗಿಸಿಬಿಡುತ್ತಾರೆ. ಈ ಎರಡನೇ ಮಾತು ಕೇಳಲು ಚೆಂದ. ಆದರೆ ಅದು ಪ್ರಶ್ನೆಯಿಂದ ಜಾರಿಕೊಳ್ಳುವ ಮಾತು ಅಂತ ನನ್ನ ಅನಿಸಿಕೆ.

ಮೊದಲು ಗುರುಪರಂಪರೆ ನೋಡಿ. ನಮ್ಮ ಬೋರಗಾಂವದಿಂದ ಗಡಿ ದಾಟಿದರೆ ಇಚಲಕರಂಜಿ. ಅಲ್ಲಿಯ ಸಂಸ್ಥಾನದ ಗಾಯಕರಾಗಿದ್ದ ಬಾಳಕೃಷ್ಣಬುವಾ (1849-1926) ಗ್ವಾಲಿಯರ್ ಗಾಯಕಿಯನ್ನು ಈ ಕಡೆಗೆ ತಂದವರು. ಅವರ ಹತ್ತಿರ ಮಿರಜದಲ್ಲಿ ಕಲಿತವರು ವಿಷ್ಣು ದಿಗಂಬರ ಪಲುಸ್ಕರ. ಪಲುಸ್ಕರರ ಶಿಷ್ಯರು ಬಿ.ಆರ್. ದೇವಧರ. ಮುಂಬೈಯಲ್ಲಿ ದೇವಧರರ ಕೈಕೆಳಗೆ ತಯಾರಾದ ಹುಡುಗನೇ 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ, ಅಂದರೆ ನಮ್ಮ ಕುಮಾರ ಗಂಧರ್ವ. ಕೊಂಡಿ ಎಲ್ಲೂ ತಪ್ಪಿಲ್ಲ.

ಎದುರು ಪಕ್ಷದ ಮಾತಿನಲ್ಲೂ ಹುರುಳಿದೆ. ಹುಡುಗನಿದ್ದಾಗ ಕುಮಾರರು ದೊಡ್ಡ ದೊಡ್ಡ ಗಾಯಕರ ರೆಕಾರ್ಡು ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದರು. ದೇವಧರರೂ ಬೇರೆ ಬೇರೆ ಘರಾಣೆಯ ಚೀಜುಗಳನ್ನು ಕಲೆಹಾಕಿದವರು. ಕ್ಷಯ ತಗುಲಿ 1948ರಲ್ಲಿ ದೇವಾಸಕ್ಕೆ ಹೋದ ಕುಮಾರರಿಗೆ ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಆಗ ಕಿವಿಗೆ ಬಿದ್ದದ್ದು ಮಾಳವಾದ ಜನಪದ ಹಾಡು. ಅದರಿಂದ ಹೊಸ ರಾಗಗಳೇ ಹುಟ್ಟಿದವು. ತಿರುಗಿ ಬಂದಾಗ ಗಾಯನ ಬದಲಾಗಿತ್ತು: ಚಿಕ್ಕ ಚಿಕ್ಕ ತುಣುಕು, ತಟ್ಟನೆ ಬರುವ ಮೌನ. ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಳಂಬಿತ ಬೇಕೆನ್ನುವವರಿಗೆ ಇದು ಹಿಡಿಸಲಿಲ್ಲ.

ಆದರೂ ನನ್ನ ವೋಟು ಗ್ವಾಲಿಯರ್‌ಗೇ. ಯಾಕೆ? ಬಂದಿಶ್. ಗ್ವಾಲಿಯರ್‌ನಲ್ಲಿ ಬಂದಿಶ್ ಅಂದರೆ ಹಾಡು ಶುರುಮಾಡಲು ಒಂದು ನೆಪವಲ್ಲ. ಸ್ಥಾಯಿ, ಅಂತರಾ ಪೂರ್ತಿ ಹಾಡಬೇಕು, ರಾಗ ಅದರೊಳಗಿಂದಲೇ ಕಾಣಬೇಕು. ಕುಮಾರರು ಇದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಹೊಸ ರಾಗ ಕಟ್ಟಿದರೆ ಅದಕ್ಕೆ ಬಂದಿಶೂ ಕಟ್ಟಿದರು. 1965ರ ಅವರ ಪುಸ್ತಕ 'ಅನೂಪರಾಗವಿಲಾಸ' ತುಂಬ ಇರುವುದು ಅವೇ.

ಹಾಗಂತ ಅವರು ಹಾಡಿದ್ದಕ್ಕೆಲ್ಲ ಗ್ವಾಲಿಯರ್ ಚೀಟಿ ಅಂಟಿಸಬೇಕಿಲ್ಲ. ಕಬೀರನ ನಿರ್ಗುಣ ಭಜನೆ ಹಾಡುವಾಗ ಆ ಧಾಟಿ ನಾಥಪಂಥಿ ಜೋಗಿಗಳದು. ಅದರ ಶ್ರೇಯ ಅವರಿಗೇ ಸಲ್ಲಬೇಕು. ಇಂಗ್ಲೆಂಡಿನ 'ದಿ ಕ್ಯೂರ್' ತಂಡದ್ದೂ ಇಂಥದೇ ತಕರಾರು. ಜನ ಅವರನ್ನು ಗಾಥಿಕ್ ರಾಕ್ ಅಂತಾರೆ, ಗಾಯಕ ರಾಬರ್ಟ್ ಸ್ಮಿತ್ ಒಪ್ಪುವುದಿಲ್ಲ. 1982ರ ಆಲ್ಬಂ 'ಪೋರ್ನೋಗ್ರಫಿ' ಕೇಳಿದರೆ ಜನ ಹೇಳುವುದು ಸರಿ, 1992ರ 'ಫ್ರೈಡೇ ಐಯಾಮ್ ಇನ್ ಲವ್' ಕೇಳಿದರೆ ಸ್ಮಿತ್ ಹೇಳುವುದು ಸರಿ. ಚೀಟಿ ಹಾಡಿಗೆ ಅಂಟಿಸಿ ಸ್ವಾಮಿ, ಮನುಷ್ಯನಿಗಲ್ಲ.

ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಕುಮಾರರನ್ನು ಹೊರಗಿಟ್ಟರೆ ನಷ್ಟ ಅವರಿಗಲ್ಲ, ಗ್ವಾಲಿಯರ್‌ಗೆ. ಕಲಿತದ್ದನ್ನು ಕಲಿತ ಹಾಗೇ ಒಪ್ಪಿಸುವವರಷ್ಟೇ ಘರಾಣೆಯೊಳಗೆ ಉಳಿಯುತ್ತಾರೆ. ಹೊಸದೇನಾದರೂ ಮಾಡಬೇಕೆಂದರೆ ಗುರುವಿನ ಮನೆ ಬಿಡಲೇಬೇಕು ಅಂತ ಈಗ ಕಲಿಯುವ ಹುಡುಗರು ಅಂದುಕೊಳ್ಳುತ್ತಾರೆ. ಕುಮಾರರ ಹಾಡು ಹೇಳುವುದು ಅದಲ್ಲ.

ನೀವೇನಂತೀರಿ?