ಬೇವಿನ ಸೋಪು ಅಂಗಡಿಗೆ ಬರುವುದು ಯಾವಾಗ?



ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತೆಂದು ಸುದ್ದಿಯಾದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಒಂದು ಕಡೆ ‘ವಿಷಮುಕ್ತ’ ಎಂದು ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರುವ ಪೇಟೆಯ ಮಳಿಗೆ, ಇನ್ನೊಂದು ಕಡೆ ಔಷಧಿ ಹೊಡೆಯದೆ ಒಂದು ಕೋಸೂ ಮಾರುಕಟ್ಟೆ ಕಾಣದು ಎನ್ನುವ ವಾದ. ಬೆಂಗಳೂರಿನ ಮಗ್ಗುಲಲ್ಲೇ, ಹೆಸರಘಟ್ಟದಲ್ಲಿ ಎಷ್ಟೋ ವರ್ಷದ ಹಿಂದೆ ಸಿದ್ಧವಾದ ಉಪಾಯಗಳು ಹೊಲಕ್ಕೆ ಏಕೆ ತಲುಪಿಲ್ಲ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎಲೆಕೋಸನ್ನೇ ನೋಡಿ. ಬೆನ್ನ ಮೇಲೆ ವಜ್ರದಾಕಾರದ ಗುರುತಿರುವ ಬೂದು ಪತಂಗ ಎಲೆಗೆ ಮೊಟ್ಟೆಯಿಡುತ್ತದೆ. ಹೊರಬಂದ ಹಸಿರು ಹುಳ ಎಲೆಯನ್ನು ಜರಡಿ ಮಾಡುತ್ತದೆ; ಬೆರಳು ತಾಗಿದರೆ ಮೈ ಕೊಂಕಿಸಿ, ನೂಲು ಬಿಟ್ಟು ಕೆಳಕ್ಕೆ ಜೋತುಬೀಳುತ್ತದೆ. ಇದು ಡಿಡಿಟಿಗೂ ಜಗ್ಗುತ್ತಿಲ್ಲ ಎಂದು ಇಂಡೊನೇಷ್ಯಾದ ಜಾವಾದಿಂದ ವರದಿ ಬಂದದ್ದು 1953ರಲ್ಲಿ. ಆಮೇಲೆ ಬಂದ ಎಷ್ಟೋ ಔಷಧಿಗಳನ್ನೂ ಅರಗಿಸಿಕೊಂಡಿದೆ. ರೈತ ಎರಡು ಮೂರು ಬಾಟಲಿ ಬೆರೆಸಿ ಹೊಡೆಯುತ್ತಾನೆಂದರೆ ಒಂದಕ್ಕೆ ಹುಳ ಸಾಯುತ್ತಿಲ್ಲವೆಂದೇ ಅರ್ಥ. ಆ ಬೆರಕೆಗೆ ಹುಳದ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳೂ ಬಲಿಯಾಗುತ್ತವೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳುವುದು ಬೇರೆ. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಸಸಿ ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಗೇ ಮುತ್ತುವುದರಿಂದ ಹುಳವನ್ನು ಅಲ್ಲೇ ಕೊಲ್ಲಬಹುದು. ಕೋಸಿಗೆ ಬೇವಿನ ಬೀಜದ ಕಷಾಯ, ಇಲ್ಲವೇ ಸಂಸ್ಥೆಯೇ ರೂಪಿಸಿದ ಬೇವಿನ ಅಥವಾ ಹೊಂಗೆಯ ಸೋಪು. ಟೊಮೆಟೊಗಾದರೆ 16 ಸಾಲಿಗೊಂದು ಸಾಲು ಹಳದಿ ಚೆಂಡುಹೂವು. ನಾಟಿಯ ದಿನ ಚೆಂಡುಹೂವಿನ ಸಸಿಗೆ 40 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು. ಎರಡೂ ಒಟ್ಟಿಗೆ ಹೂಬಿಟ್ಟರಷ್ಟೇ ಕಾಯಿಕೊರಕದ ಪತಂಗ ಮೋಸಹೋಗುತ್ತದೆ. ಬದನೆಗೆ ಮೋಹಕ ಬಲೆ, ಹಾಗಲ–ಹೀರೆಗೆ ಹಣ್ಣುನೊಣದ ಬಲೆ ಇವೆ.

ಇದ್ಯಾವುದೂ ಮಂತ್ರವಲ್ಲ. 2014ರಲ್ಲಿ ದೇಶದೊಳಗೆ ಕಾಣಿಸಿಕೊಂಡ, ಟೊಮೆಟೊದ ಎಲೆ ಕೊರೆಯುವ ಟೂಟಾ ಹುಳ ಚೆಂಡುಹೂವಿಗೆ ಮರುಳಾಗುವುದಿಲ್ಲ. ಜೀವಾಮೃತ ಸುರಿದರೆ ಹುಳವೂ ಹೋದೀತು ಎನ್ನುವವರು ಮಣ್ಣಿನ ಮದ್ದನ್ನು ಎಲೆಗೆ ಹಚ್ಚುತ್ತಿದ್ದಾರೆ. ಹುಳ ಮಿತಿಮೀರಿದಾಗ ಒಮ್ಮೆ ರಾಸಾಯನಿಕ ಹೊಡೆದು, ಬಾಟಲಿಯ ಮೇಲೆ ಬರೆದಷ್ಟು ದಿನ ಕಾದು ಕೊಯ್ದರೆ ತಪ್ಪೇನೂ ಇಲ್ಲ. ಆದರೆ ಬೆಲೆ ಏರಿದ ವಾರ ಕಾಯುವವರು ಯಾರು?

ತೊಡಕಿರುವುದು ಸಲಹೆಯಲ್ಲಿ. ಹುಳ ತಿಂದ ಎಲೆ ಹಿಡಿದು ರೈತ ಹೋಗುವುದು ಗೊಬ್ಬರದ ಅಂಗಡಿಗೆ. ಅಂಗಡಿಯವರು ಸಾಲಕ್ಕೆ ಬಾಟಲಿ ಕೊಡುತ್ತಾರೆ, ಬೆಳೆ ಬಂದ ಮೇಲೆ ವಸೂಲು ಮಾಡುತ್ತಾರೆ. ಸಾಸಿವೆ ಬಿತ್ತು ಎಂದರೆ ಅವರಿಗೇನು ಗಿಟ್ಟೀತು? ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಹೊಡೆಯಕೂಡದೆಂದು ಕೇಂದ್ರ ಸರಕಾರ ಆದೇಶಿಸಿದ್ದು 2005ರಲ್ಲಿ. ಹತ್ತಿಗೆಂದು ಅದೇ ಬಾಟಲಿ ಅದೇ ಕಪಾಟಿನಲ್ಲಿ ಉಳಿದಿದ್ದರಿಂದ ಆಮೇಲೂ ತರಕಾರಿ ಮಾದರಿಗಳಲ್ಲಿ ಅದರ ಉಳಿಕೆ ಸಿಗುತ್ತಲೇ ಇತ್ತು.

ತೋಟಗಾರಿಕೆ ಇಲಾಖೆ ಸಭೆ, ಕಾರ್ಯಾಗಾರಗಳನ್ನು ಸ್ವಲ್ಪ ಬದಿಗಿಟ್ಟು ಪೂರೈಕೆಯತ್ತ ನೋಡಲಿ. ಬೇವಿನ ಸೋಪು, ಬಲೆ, ಬಲೆಯೊಳಗಿಟ್ಟು ಕೀಟವನ್ನು ಸೆಳೆಯುವ ಲೂರ್ ಇವು ರೈತ ಸಂಪರ್ಕ ಕೇಂದ್ರದಲ್ಲಿ, ಹಾಪ್‌ಕಾಮ್ಸ್ ಖರೀದಿ ಕೇಂದ್ರದಲ್ಲಿ ವರ್ಷವಿಡೀ ಸಿಗಬೇಕು. ಲೂರ್ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಪ್ರತಿ ಸಲ ಅದನ್ನು ತರಲು ಮುಳಬಾಗಿಲಿನ ರೈತ ಹೆಸರಘಟ್ಟದ ಬಸ್ಸು ಹತ್ತಲಾರ. ಇನ್ನು ಚೆಂಡುಹೂವಿನ ವಿಷಯ. ಕೋಲಾರ, ಚಿಕ್ಕಬಳ್ಳಾಪುರದ ಬಹುಪಾಲು ಬೆಳೆಗಾರರು ಟೊಮೆಟೊ ಸಸಿಯನ್ನು ನರ್ಸರಿಯಿಂದ ತರುತ್ತಾರೆ. 40 ದಿನದ ಚೆಂಡುಹೂವಿನ ಸಸಿಯನ್ನೂ ಲೆಕ್ಕ ಹಾಕಿ ಅದೇ ಟ್ರೇಗಳ ಜೊತೆ ಕೊಡುವಂತೆ ನರ್ಸರಿಗಳಿಗೆ ಹೇಳಲು ಇಲಾಖೆಗೆ ಹೊಸ ಕಾನೂನೇನೂ ಬೇಕಿಲ್ಲ.

— ಓದುಗರೊಬ್ಬರು, ಮಾಲೂರು