ಮೆನು ಕಾರ್ಡ್ ಹಿರಿಯರ ಕೈಗೂ ಸಿಗಲಿ



ಮನೆಮಂದಿಯೆಲ್ಲ ಹೋಟೆಲಿಗೆ ಹೋದಾಗ ಏನು ತರಿಸೋಣ ಎಂಬ ಮಾತುಕತೆಯಲ್ಲೇ ಊಟದ ಅರ್ಧ ಖುಷಿ ಇರುತ್ತದೆ. ಮೆನು ಕಾರ್ಡಿನ ಬದಲು ಮೇಜಿಗಂಟಿಸಿದ ಕ್ಯೂಆರ್ ಕೋಡ್ ಹಿರಿಯರನ್ನು ಆ ಮಾತಿನಿಂದಲೇ ಹೊರಗಿಡುತ್ತಿದೆ. ಮೊನ್ನೆ ನಮ್ಮ ಅತ್ತೆ, ಮೊಮ್ಮಗನ ಮೊಬೈಲಿನಲ್ಲಿದ್ದ ಪುಟ್ಟ ಇಂಗ್ಲಿಷ್ ಅಕ್ಷರ ಓದಲಾಗದೆ, ‘ನನಗೆ ಏನಾದರೂ ಸರಿ’ ಎಂದು ಸುಮ್ಮನಾದರು. ಅಕ್ಕಿರೊಟ್ಟಿ, ಎಣ್ಣೆಗಾಯಿ ಎಂದರೆ ಅವರಿಗೆ ಪ್ರಾಣ. ಅದು ಅಲ್ಲಿ ಸಿಗುತ್ತದೆಂದು ಗೊತ್ತಾಗಿದ್ದು ಪಕ್ಕದ ಮೇಜಿಗೆ ತಂದಿಟ್ಟಾಗ!

ಇದು ರುಚಿಯಷ್ಟೇ ಅಲ್ಲ, ಆರೋಗ್ಯದ ವಿಷಯವೂ ಹೌದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮ 2022ರಲ್ಲೇ ಜಾರಿಗೆ ಬಂದಿದೆ. ಸಕ್ಕರೆ ಕಾಯಿಲೆಯವರಿಗೆ ಈ ಮಾಹಿತಿ ಬೇಕೇ ಬೇಕು. ಆದರೆ ಓದಲು ಸಾಧ್ಯವಾಗಬೇಕು ತಾನೇ? ದಪ್ಪಕ್ಷರದ ಕನ್ನಡ ಮೆನು ಕಾರ್ಡನ್ನು ಮೇಜಿಗೊಂದರಂತೆ ಇಡಲು ಹೋಟೆಲ್ ಮಾಲೀಕರು ದಯವಿಟ್ಟು ಮುಂದಾಗಲಿ.

– ಓದುಗಿ, ಮೈಸೂರು